ಒಂದು ಅಗುಳು ಸಾಕಾ? – ಒಂದು ಆಪ್ತಸಲಹೆ ಪ್ರಕರಣ

ಇಲ್ಲಿ ಬರುವ ಹುಡುಗನನ್ನು ಮಂಜು ಅಂತ ಕರೆಯುತ್ತೇನೆ. ಅದು ಅವನ ಹೆಸರಲ್ಲ. ಊರು, ಓದು, ಮನೆಯ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಬರೆದದ್ದನ್ನು ಅವನಿಗೆ ಓದಲು ಕೊಟ್ಟಿದ್ದೆ. ಒಂದು ವಾರ ಇಟ್ಟುಕೊಂಡು, ಎರಡು ಸಾಲು ತೆಗೆಸಿ, ಆಮೇಲೆ ಒಪ್ಪಿದ.

ಹುಬ್ಬಳ್ಳಿಯ ನನ್ನ ಕೋಣೆಗೆ ಬಂದವರು ಮೂವರು. ಅಪ್ಪ, ಅವ್ವ, ಮಂಜು. ಗದಗ ಕಡೆಯ ಎರೆ ಹೊಲದವರು. ಕಡಲೆ, ಮೆಣಸಿನಕಾಯಿ ಬೆಳೆಯುತ್ತಾರೆ. ಕೂತುಕೊಳ್ಳುವ ಮೊದಲೇ ಅಪ್ಪ ಶುರು ಮಾಡಿದರು.

"ಮೇಡಂ, ನಮ್ ಹುಡುಗನ ಮ್ಯಾಲೆ ಪ್ರಯೋಗ ಮಾಡ್ತಾರಂತ್ರೀ. ಸಹಿ ಹಾಕಬೇಕೋ ಬ್ಯಾಡೋ ಹೇಳ್ರಿ."

ವಿಷಯ ಇಷ್ಟೇ. ಮಂಜು ಚಿಕಿತ್ಸೆ ಪಡೆಯುತ್ತಿದ್ದ ಆಸ್ಪತ್ರೆಯಲ್ಲಿ ಒಬ್ಬ ಸಂಶೋಧನಾ ವಿದ್ಯಾರ್ಥಿ ಅವನನ್ನು ಮಾತಾಡಿಸಿದ್ದರು. ಸೈಕೋಸಿಸ್, ಅಂದರೆ ನಿಜ ಯಾವುದು, ಅಲ್ಲದ್ದು ಯಾವುದು ಅಂತ ತಿಳಿಯದಾಗುವ ಕಾಯಿಲೆ, ಮೊದಲ ಸಲ ಬಂದವರು ನಿರ್ಧಾರ ಹೇಗೆ ತೆಗೆದುಕೊಳ್ಳುತ್ತಾರೆ ಅನ್ನುವ ಅಧ್ಯಯನ. ಕಂಪ್ಯೂಟರಿನಲ್ಲಿ ಮಣಿ ತೆಗೆಯುವ ಆಟ, ಇಸ್ಪೀಟಿನಂಥ ಒಂದು ಆಟ, ಆಮೇಲೆ ಒಂದಷ್ಟು ಪ್ರಶ್ನೆ. ಔಷಧಿ ಇಲ್ಲ, ರಕ್ತ ತೆಗೆಯುವುದಿಲ್ಲ. ಒಪ್ಪಿಗೆ ಪತ್ರ ಮಡಚಿ ಅಪ್ಪನ ಅಂಗಿ ಜೇಬಿನಲ್ಲಿತ್ತು. ಮಂಜುನ ಕೈಯಲ್ಲಿ ಅಲ್ಲ.

ನಾನು ಹತ್ತು ನಿಮಿಷ ಅಪ್ಪನನ್ನೇ ಕೇಳುತ್ತಾ ಹೋದೆ. ನಿದ್ದೆ ಹೇಗಿದೆ, ಊಟ ಮಾಡ್ತಾನಾ, ಗುಳಿಗೆ ತಗೋತಾನಾ. ಆಗ ಮೂಲೆಯ ಕುರ್ಚಿಯಿಂದ ಮಾತು ಬಂತು.

"ಮೇಡಂ, ನಾನೂ ಇಲ್ಲೇ ಅದೀನ್ರಿ."

ಇಷ್ಟು ವರ್ಷ ಈ ಕೆಲಸ ಮಾಡಿ ನಾನು ಮಾಡಬಾರದ ತಪ್ಪು ಅದು. ಕುರ್ಚಿಯನ್ನು ಅವನ ಕಡೆ ತಿರುಗಿಸಿದೆ. "ತಪ್ಪಾಯ್ತು, ನೀವೇ ಹೇಳಿ" ಅಂದೆ. ಅಪ್ಪನಿಗೆ ನಗು ಬಂತು. "ಇವಗ ನೀವು ಅಂತೀರೇನ್ರೀ?" ಅಂದರು. ಹೌದು, 23 ವರ್ಷದವನಿಗೆ ನೀವು ಅಂತಲೇ ಅನ್ನಬೇಕಿತ್ತು.

ಮಂಜು ಹೇಳಿದ ಕಥೆ ಇದು. ಧಾರವಾಡದಲ್ಲಿ ಗೆಳೆಯರ ಜೊತೆ ರೂಮು ಮಾಡಿಕೊಂಡು ಡಿಗ್ರಿ ಓದುತ್ತಿದ್ದ. ನಿದ್ದೆ ಕಡಿಮೆ ಆಯಿತು. ಗೆಳೆಯರು ತನ್ನ ಬಗ್ಗೆಯೇ ಮಾತಾಡುತ್ತಾರೆ ಅನ್ನಿಸತೊಡಗಿತು. ಒಂದು ದಿನ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಬರುವಾಗ ಎದುರು ಸೀಟಿನವನು ಮೊಬೈಲ್ ನೋಡಿದ, ಆಮೇಲೆ ಇವನ ಮುಖ ನೋಡಿದ. ಅಷ್ಟೇ. ಗೆಳೆಯರು ಆ ಸೀಟಿನವನನ್ನು ತನ್ನ ಹಿಂದೆ ಬಿಟ್ಟಿದ್ದಾರೆ, ತನ್ನ ವಿಡಿಯೋ ತೆಗೆಯುತ್ತಿದ್ದಾರೆ ಅಂತ ಮಂಜುಗೆ ಖಾತ್ರಿಯಾಯಿತು. ಮುಂದಿನ ಸ್ಟಾಪಿನಲ್ಲಿ ಇಳಿದ. ಸಿಕ್ಕ ರೇಟಿಗೆ ಮೊಬೈಲ್ ಮಾರಿ ಊರಿಗೆ ಹೋದ. ಪರೀಕ್ಷೆ ಬರೆಯಲಿಲ್ಲ.

"ಆವತ್ತು ನನಗ ಸಂಶಯ ಇರಲಿಲ್ರಿ, ಗೊತ್ತಿತ್ತು" ಅಂದ. ಈ ಮಾತನ್ನು ನಾನು ಬರೆದಿಟ್ಟುಕೊಂಡೆ. ಸಂಶಯದ ಕಾಯಿಲೆ ಅಂತ ನಾವು ಸುಮ್ನೆ ಹೆಸರಿಟ್ಟಿದ್ದೇವೆ. ಒಳಗಿರುವವನಿಗೆ ಅದು ಸಂಶಯವಲ್ಲ, ಖಾತ್ರಿ. ಮನೋವೈದ್ಯ ಶಿತಿಜ್ ಕಪೂರ್ 2003ರಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು. ಯಾವುದಕ್ಕೆ ಗಮನ ಕೊಡಬೇಕು ಅಂತ ಮಿದುಳಿಗೆ ಸೂಚಿಸುವುದರಲ್ಲಿ ಡೋಪಮೈನ್ ಅನ್ನುವ ಮಿದುಳಿನ ರಾಸಾಯನಿಕಕ್ಕೆ ಪಾತ್ರವಿದೆ. ಅದು ಹದ ತಪ್ಪಿದಾಗ ಏನೂ ಅಲ್ಲದ ಸಂಗತಿಯೂ ಬಹಳ ಮುಖ್ಯವಾಗಿ ಕಾಣುತ್ತದೆ. ಬಸ್ಸಿನಲ್ಲಿ ಯಾರೋ ಮುಖ ನೋಡಿದ್ದೂ ಹಾಗೆಯೇ.

ಊರಲ್ಲಿ ಐದು ತಿಂಗಳು ಹೋಯಿತು. ಗಾಳಿ ಸೋಕಿದೆ ಅಂದರು, ತಾಯತ ಕಟ್ಟಿದರು, ದೇವರಿಗೆ ಹರಕೆ ಹೊತ್ತರು. ನಾನು ಇದನ್ನು ಟೀಕೆ ಮಾಡೋಕೆ ಬರೆಯುತ್ತಿಲ್ಲ. ದೇವರೂ ಇರಲಿ, ಡಾಕ್ಟರೂ ಇರಲಿ ಅಂತ ಮೊದಲ ವಾರವೇ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು. ಚಿಕಿತ್ಸೆ ತಡವಾದಷ್ಟೂ ಚೇತರಿಕೆ ಕಷ್ಟವಾಗುತ್ತದೆ ಅನ್ನುವುದು ಅನೇಕ ದೇಶಗಳ ಅಧ್ಯಯನಗಳಲ್ಲಿ ಕಂಡಿದೆ. ಕೊನೆಗೆ ಡಾಕ್ಟರ ಹತ್ತಿರ ಹೋದರು, ರಿಸ್ಪೆರಿಡೋನ್ ಅನ್ನುವ ಗುಳಿಗೆ ಶುರುವಾಯಿತು. ಒಂದೂವರೆ ತಿಂಗಳಲ್ಲಿ ಖಾತ್ರಿ ಸಡಿಲವಾಯಿತು. ನನ್ನ ಹತ್ತಿರ ಬರುವ ಹೊತ್ತಿಗೆ ಒಂಬತ್ತು ತಿಂಗಳು ಗುಳಿಗೆ ತೆಗೆದುಕೊಂಡಿದ್ದ.

ಅವನು ಹುಷಾರಾದ. ಆದರೆ ಮನೆಯಲ್ಲಿ ಅವನ ನಿರ್ಧಾರಗಳೆಲ್ಲ ಅಪ್ಪನ ಜೇಬಿಗೆ ಹೋಗಿದ್ದವು. ಯಾವ ಅಂಗಿ ಕೊಳ್ಳಬೇಕು ಅನ್ನುವುದೂ ಸೇರಿ.

ಮಣಿ ಆಟ ಅಂದರೇನು ಅಂತ ಅಪ್ಪ ಕೇಳಿದರು. ಅದಕ್ಕೂ ಇತಿಹಾಸ ಇದೆ. 1988ರಲ್ಲಿ ಹಕ್, ಗ್ಯಾರೆಟಿ, ಹೆಮ್ಸ್ಲಿ ಅನ್ನುವ ಮೂವರು ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಎರಡು ಡಬ್ಬಿ. ಒಂದರಲ್ಲಿ ನೂರಕ್ಕೆ 85 ಒಂದು ಬಣ್ಣದ ಮಣಿ, 15 ಇನ್ನೊಂದು ಬಣ್ಣದ್ದು. ಮತ್ತೊಂದರಲ್ಲಿ ಅದೇ ಲೆಕ್ಕ ತಿರುವುಮುರುವು. ಯಾವ ಡಬ್ಬಿ ಅಂತ ಹೇಳದೆ ಒಂದೊಂದೇ ಮಣಿ ತೋರಿಸುತ್ತಾರೆ. ಸಾಕು, ಇದು ಇಂಥ ಡಬ್ಬಿ ಅಂತ ನಾವು ಹೇಳಬೇಕು. ಭ್ರಮೆ ಇರುವವರು ಉಳಿದವರಿಗಿಂತ ಕಡಿಮೆ ಮಣಿ ನೋಡಿ ತೀರ್ಮಾನಕ್ಕೆ ಬರುತ್ತಾರೆ ಅಂತ ಕಂಡಿತು. ಎಷ್ಟೋ ಜನರಿಗೆ ಒಂದೋ ಎರಡೋ ಮಣಿ ಸಾಕಾಗುತ್ತಿತ್ತು. ಆಮೇಲೆ ಬೇರೆ ಬೇರೆ ಕಡೆ ಇದನ್ನು ಎಷ್ಟೋ ಸಲ ಮಾಡಿ ನೋಡಿದ್ದಾರೆ.

ಇಲ್ಲೊಂದು ಲೆಕ್ಕ ಹೇಳಲೇಬೇಕು. 85ರ ಡಬ್ಬಿಯಲ್ಲಿ ಒಂದೇ ಮಣಿ ನೋಡಿ ಹೇಳಿದರೂ ಸರಿಯಾಗುವ ಸಾಧ್ಯತೆ ನೂರಕ್ಕೆ 85. ಎರಡು ಮಣಿ ಒಂದೇ ಬಣ್ಣದವಾದರೆ 97. ಅಂದರೆ ಬೇಗ ಹೇಳಿದವನು ದಡ್ಡನೇನಲ್ಲ. ಆದರೆ 60ಕ್ಕೆ 40ರ ಡಬ್ಬಿ ಇಟ್ಟರೆ ಮೂರು ಮಣಿ ಒಂದೇ ಬಣ್ಣದವು ಬಂದರೂ ಖಾತ್ರಿ ನೂರಕ್ಕೆ 77 ಮಾತ್ರ. ಸಂಶೋಧಕರು ಈ ಕಷ್ಟದ ಡಬ್ಬಿಯನ್ನೂ ಬಳಸುತ್ತಾರೆ. ಬಸ್ಸಿನಲ್ಲಿ ಒಬ್ಬರು ಇನ್ನೊಬ್ಬರ ಮುಖ ನೋಡುವುದು ಈ ಕಷ್ಟದ ಡಬ್ಬಿಗಿಂತಲೂ ಕಲಸುಮೇಲೋಗರ, ಅಲ್ವಾ?

ಇನ್ನೊಂದು ವಿಷಯ. ಈ ಆಟದಿಂದ ಯಾರಿಗೆ ಕಾಯಿಲೆ ಇದೆ, ಯಾರಿಗಿಲ್ಲ ಅಂತ ಹೇಳೋಕೆ ಬರುವುದಿಲ್ಲ. ಕಾಯಿಲೆ ಇದ್ದೂ ನಿಧಾನವಾಗಿ ಆಡುವವರು ಇದ್ದಾರೆ. ಕಾಯಿಲೆಯೇ ಇಲ್ಲದೆ ಆತುರ ಪಡುವವರಂತೂ ಬೇಕಾದಷ್ಟು. ಇದು ಗುಂಪಿನ ಸರಾಸರಿಯ ಮಾತು.

ನನ್ನ ಕಪಾಟಿನಲ್ಲಿ ಎರಡು ಸ್ಟೀಲ್ ಡಬ್ಬಿ, ಬಳೆ ಅಂಗಡಿಯಲ್ಲಿ ಕೊಂಡ ಕೆಂಪು, ಬಿಳಿ ಮಣಿಗಳಿವೆ. ಪರೀಕ್ಷೆಗಲ್ಲ, ಮಾತು ಹೊರಡಲಿ ಅಂತ. ಮೂವರಿಗೂ 60–40ರ ಡಬ್ಬಿ ಇಟ್ಟೆ. ಮಂಜು ಮೂರು ಮಣಿ ನೋಡಿ ಹೇಳಿದ. ಅಪ್ಪ ಒಂದೇ ಮಣಿಗೆ "ಕೆಂಪಿನ ಡಬ್ಬಿ" ಅಂದರು. ಅವ್ವ ಒಂಬತ್ತು ಮಣಿ ಆದಮೇಲೂ "ಇನ್ನೊಂದ ತಗೀರಿ" ಅಂತಲೇ ಇದ್ದರು.

ಒಂದೇ ಸಾಕಾಯ್ತಾ ಅಂತ ಅಪ್ಪನನ್ನು ಕೇಳಿದೆ. "ಅನ್ನ ಬೆಂದೈತೋ ಇಲ್ಲೋ ನೋಡಾಕ ಒಂದ ಅಗಳ ಸಾಕ್ರೀ" ಅಂದರು.

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಗಾದೆಯೇನೂ ಸುಳ್ಳಲ್ಲ. ಒಂದೇ ನೀರು, ಒಂದೇ ಉರಿ, ಎಲ್ಲ ಅಗುಳೂ ಜೊತೆಗೇ ಬೇಯುತ್ತವೆ. ಉತ್ತರ ಕೊಟ್ಟಿದ್ದು ಅವ್ವ. "ಬ್ಯಾಡಗಿಗೆ ಚೀಲ ಒಯ್ದಾಗ ಮ್ಯಾಲಿನ ಕಾಯಿ ನೋಡಿ ರೇಟ್ ಹಚ್ತಾರೇನು? ತಳಕ್ಕ ಕೈ ಹಾಕ್ತಾರಲ್ಲ" ಅಂದರು.

ಅಪ್ಪ ಮಾತಾಡಲಿಲ್ಲ. ಆಗ ಮಂಜು, ಜಗಳದ ದನಿಯಲ್ಲಿ ಅಲ್ಲ, ಒಂದು ತಿಂಗಳ ಹಿಂದಿನ ಸಂಗತಿ ತೆಗೆದ. ಕಟ್ಟೆಯ ಮೇಲೆ ಕೂತು ಒಬ್ಬನೇ ನಕ್ಕಿದ್ದನಂತೆ. ಅಪ್ಪ ನೋಡಿದರು, ಕಾಯಿಲೆ ಹೊಳ್ಳಿ ಬಂತು ಅಂತ ರಾತ್ರೋರಾತ್ರಿ ಗಾಡಿ ಮಾಡಿಸಿ ಆಸ್ಪತ್ರೆಗೆ ಒಯ್ದರು. ಇವನ ಒಂದು ಕಿವಿಯಲ್ಲಿ ಇಯರ್‌ಫೋನ್ ಇತ್ತು. ಗೆಳೆಯ ಕಳಿಸಿದ ವಿಡಿಯೋ ನೋಡುತ್ತಿದ್ದ. "ಅಪ್ಪ ಆ ಕಡೀಂದ ನೋಡಿದ್ರ ಈ ಕಿವಿ ಕಾಣಂಗಿಲ್ರಿ" ಅಂದ.

ಸಂಶೋಧನೆಯ ಬಗ್ಗೆ ನಾನು ಕೊಟ್ಟ ಸಲಹೆ ಇದು. ಪತ್ರ ಮಂಜುಗೆ ಕೊಡಿ. ಓದುವವನು ಅವನು, ಪ್ರಶ್ನೆ ಕೇಳುವವನು ಅವನು, ಸಹಿ ಹಾಕುವವನೂ ಅವನೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 99ನೇ ಸೆಕ್ಷನ್ ಪ್ರಕಾರ ಇಂಥ ಸಂಶೋಧನೆಗೆ ವ್ಯಕ್ತಿಯ ಸ್ವಂತ ಇಚ್ಛೆಯ, ತಿಳಿದು ಕೊಟ್ಟ ಒಪ್ಪಿಗೆ ಬೇಕು. ಸುಮ್ನೆ ಕೂತು ಪ್ರಶ್ನೆ ಕೇಳುವ ಸಂಶೋಧನೆಗೂ ಬೇಕು. ನಡುವೆ ಬೇಡ ಅನ್ನಿಸಿದರೆ ಬಿಡಬಹುದು. ಅದೇ ಕಾಯ್ದೆಯ 4ನೇ ಸೆಕ್ಷನ್ನಿನಲ್ಲಿ ನನಗೆ ಇಷ್ಟವಾದ ಒಂದು ಮಾತಿದೆ. ಚಿಕಿತ್ಸೆಯ ಬಗ್ಗೆ ಒಬ್ಬರ ನಿರ್ಧಾರ ಬೇರೆಯವರಿಗೆ ತಪ್ಪು ಅನ್ನಿಸಿತು ಅನ್ನುವ ಒಂದೇ ಕಾರಣಕ್ಕೆ ಅವರಿಗೆ ನಿರ್ಧರಿಸುವ ಸಾಮರ್ಥ್ಯವೇ ಇಲ್ಲ ಅನ್ನುವಂತಿಲ್ಲ.

ಕೇಳಬೇಕಾದ ಪ್ರಶ್ನೆಗಳನ್ನು ನಾನೂ ಮಂಜುನೂ ಕೂತು ಬರೆದೆವು. ಎಷ್ಟು ಹೊತ್ತು ಆಗುತ್ತೆ? ನನ್ನ ಹೆಸರು ಎಲ್ಲಿ ಬರುತ್ತೆ, ಯಾರು ನೋಡ್ತಾರೆ? ಬೇಡ ಅಂದರೆ ಡಾಕ್ಟರು ನನ್ನನ್ನು ನೋಡುವ ರೀತಿ ಬದಲಾಗುತ್ತಾ? ಕೊನೆಯದನ್ನು ಅವನೇ ಸೇರಿಸಿದ: ಇದರಿಂದ ನನಗೇನು ಸಿಗುತ್ತೆ? ನೇರವಾಗಿ ಏನೂ ಸಿಗದೇ ಇರಬಹುದು ಅಂತ ಆ ವಿದ್ಯಾರ್ಥಿ ಪ್ರಾಮಾಣಿಕವಾಗಿ ಹೇಳಿದರಂತೆ. ನಾಲ್ಕು ದಿನ ಬಿಟ್ಟು ಮಂಜು ಒಪ್ಪಿದ. ಆದರೆ ಮಾತನ್ನು ರೆಕಾರ್ಡ್ ಮಾಡಬಾರದು ಅಂದ. ಅವರೂ ಸರಿ ಅಂದರು.

ರೆಕಾರ್ಡಿಂಗ್ ಬೇಡ ಅಂದದ್ದು ಹಳೆಯ ಭಯದ ಉಳಿಕೆಯಾ? ಇರಬಹುದು. ಹುಷಾರಿದ್ದವರೂ ಎಷ್ಟೋ ಜನ ಬೇಡ ಅನ್ನುತ್ತಾರೆ. ನಾನು ಅದನ್ನು ಬಿಡಿಸೋಕೆ ಹೋಗಲಿಲ್ಲ.

ಆಮೇಲೆ ಗೊತ್ತಾಯಿತು, ನಿಜವಾದ ಜಗಳ ಸಂಶೋಧನೆಯದಲ್ಲ, ಗುಳಿಗೆಯದು. ಎರಡನೇ ಭೇಟಿಯಲ್ಲಿ ಮಂಜು "ಗುಳಿಗಿ ಬಿಡತೀನ್ರಿ" ಅಂದ. ಬೆಳಿಗ್ಗೆ ಏಳೋಕಾಗಲ್ಲ, ಮೈ ಬಂದಿದೆ. ಅಪ್ಪ, ಅವ್ವ ಹೊರಗೆ ಹೋದ ಮೇಲೆ ಮೂರನೇ ಕಾರಣ ಹೇಳಿದ. ಲೈಂಗಿಕ ತೊಂದರೆ. ತಾನು ಗಂಡಸೇ ಅಲ್ಲವೇನೋ ಅಂತ ಆರು ತಿಂಗಳಿಂದ ಒಳಗೇ ಕೊರಗುತ್ತಿದ್ದ. ರಿಸ್ಪೆರಿಡೋನ್ ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನನ್ನು ಏರಿಸುತ್ತದೆ, ಅದರಿಂದ ಹೀಗಾಗುವುದು ಗೊತ್ತಿರುವ ವಿಷಯ, ಡಾಕ್ಟರಿಗೆ ಹೇಳಿದರೆ ದಾರಿ ಇದೆ ಅಂದೆ. ಅವನ ಮುಖ ನೋಡಬೇಕಿತ್ತು. ಮನೆಯವರು ಇದನ್ನು ಹಟ ಅಂದುಕೊಂಡಿದ್ದರು. ಯಾರೂ ಕೇಳಿರಲಿಲ್ಲ. ಮೊದಲ ಭೇಟಿಯಲ್ಲಿ ನಾನೂ ಕೇಳಿರಲಿಲ್ಲ.

ಗುಳಿಗೆ ಬಿಡಿ, ಬಿಡಬೇಡಿ ಅನ್ನುವುದು ನನ್ನ ಕೆಲಸವಲ್ಲ. ಗೊತ್ತಿರುವುದನ್ನು ಮುಚ್ಚಿಡುವುದೂ ನನ್ನ ಕೆಲಸವಲ್ಲ. 1999ರಲ್ಲಿ ಡೆಲ್ಬರ್ಟ್ ರಾಬಿನ್ಸನ್ ಮತ್ತು ಜೊತೆಯವರು ಅಮೆರಿಕದಲ್ಲಿ ಪ್ರಕಟಿಸಿದ ಅಧ್ಯಯನದ ಬಗ್ಗೆ ಹೇಳಿದೆ. ಮೊದಲ ಸಲದ ಕಾಯಿಲೆಯಿಂದ ಚೇತರಿಸಿಕೊಂಡ 104 ಜನ. ಐದು ವರ್ಷದೊಳಗೆ ನೂರಕ್ಕೆ ಸುಮಾರು 82 ಜನರಿಗೆ ಮತ್ತೆ ಬಂತು. ಔಷಧಿ ನಿಲ್ಲಿಸಿದವರಲ್ಲಿ ಆ ಅಪಾಯ ಮುಂದುವರಿಸಿದವರಿಗಿಂತ ಐದು ಪಟ್ಟಿನ ಹತ್ತಿರ.

ಮಂಜು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: "ಹಂಗಾರ ಉಳಿದ 18 ಮಂದ್ಯಾಗ ನಾನು ಇರಬಹುದಲ್ರಿ?"

ಇರಬಹುದು ಅಂದೆ. ಇದು ಕಾಯಿಲೆಯ ಪ್ರಶ್ನೆಯಲ್ಲ, ಯಾವ ರೋಗಿಯೂ ಕೇಳುವ ಪ್ರಶ್ನೆ. ಅಪಾಯ ಇದೆ ಅಂತ ಅವನಿಗೆ ಗೊತ್ತು, ಗುಳಿಗೆಯಿಂದ ಏನಾಗುತ್ತಿದೆ ಅಂತಲೂ ಗೊತ್ತು, ಎರಡನ್ನೂ ತೂಗುತ್ತಿದ್ದ. ನೀವು ಯಾರ ಪೈಕಿ ಅಂತ ತಿಳಿಯೋಕೆ ಒಂದೇ ಏಟಿಗೆ ನಿಲ್ಲಿಸುವುದು ಕೆಟ್ಟ ದಾರಿ, ಮೂರೂ ಕಾರಣ ಒಂದು ಚೀಟಿಯಲ್ಲಿ ಬರೆದು ಡಾಕ್ಟರ ಮುಂದೆ ಇಡಿ ಅಂದೆ. ಬರೆದ. ಮೂರನೆಯದನ್ನು ಬಾಯಲ್ಲಿ ಹೇಳೋಕಾಗದೆ ಚೀಟಿಯನ್ನೇ ಕೊಟ್ಟನಂತೆ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಬೇರೆ ಔಷಧಿಗೆ ನಿಧಾನವಾಗಿ ಬದಲಿಸಿದರು. ಇನ್ನೊಂದು ವರ್ಷ ನೋಡಿ ಆಮೇಲೆ ಕಡಿಮೆ ಮಾಡುವ ಮಾತಾಡೋಣ ಅಂದರು. ಮಂಜು ಒಪ್ಪಿದ. ಪೂರ್ತಿ ಖುಷಿಯಿಂದ ಏನಲ್ಲ.

ಮನೆಗೆ ಒಂದು ಕಟ್ಟು, ಅಂದರೆ ನಿಯಮ, ಮಾಡಿಕೊಟ್ಟೆ. ದುಡ್ಡು, ಗುಳಿಗೆ, ಊರು ಬಿಡುವುದು, ಈ ಮೂರರಲ್ಲಿ ಏನೇ ತೀರ್ಮಾನಕ್ಕೂ ಮಂಜು ಮೂರು ದಿನ ಕಾಯಬೇಕು, ಇಬ್ಬರನ್ನು ಕೇಳಬೇಕು. ಒಬ್ಬರು ಮನೆಯವರು. ಇನ್ನೊಬ್ಬರು ಅವನೇ ಆರಿಸಿದವರು. ಧಾರವಾಡದ ಹಳೆಯ ರೂಮಿನ ಗೆಳೆಯನನ್ನೇ ಆರಿಸಿದ! ಕೇಳಿದ ಮೇಲೆ ತೀರ್ಮಾನ ಅವನದು. ಅಪ್ಪನಿಗೂ ಅದೇ ಕಟ್ಟು. ಕಾಯಿಲೆ ಬಂತು ಅನ್ನುವ ಮೊದಲು ಒಂದು ಗುರುತು ಸಾಲದು. ಮಂಜುನ ಕಾಯಿಲೆಯಲ್ಲಿ ಮೊದಲು ಕೆಟ್ಟಿದ್ದು ನಿದ್ದೆ, ಆಮೇಲೆ ಫೋನ್ ದೂರ ಇಟ್ಟ, ಆಮೇಲೆ ಹೊರಗಿನ ಊಟ ಬಿಟ್ಟ. ಅವ್ವನಿಗೆ ಓದು ಬರಹ ಇಲ್ಲ. ಹಾಗಾಗಿ ಅವನು ನಿದ್ದೆ ಮಾಡದ ರಾತ್ರಿಗೆ ಗೋಡೆ ಕ್ಯಾಲೆಂಡರಿನಲ್ಲಿ ಕುಂಕುಮದ ಬೊಟ್ಟು. ತಿಂಗಳಿಗೆ ಮೂರಾದರೆ, ಇಲ್ಲವೇ ಬೊಟ್ಟಿನ ಜೊತೆ ಉಳಿದ ಎರಡರಲ್ಲಿ ಒಂದು ಕಂಡರೆ, ಡಾಕ್ಟರು.

ಈ ಕಾಯುವ ಕಟ್ಟು ಎಲ್ಲದಕ್ಕೂ ಅಲ್ಲ ಅಂತ ಎರಡು ಸಲ ಹೇಳಿದೆ. ಸಾಯುವ ಮಾತು ಬಂದರೆ, ಯಾರನ್ನಾದರೂ ಹೊಡೆಯುವ ಮಾತು ಬಂದರೆ, ಊಟ ನೀರು ಬಿಟ್ಟರೆ ಮೂರು ಗಂಟೆಯೂ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ದಾರಿ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲಿ ಮಾತಾಡುತ್ತಾರೆ.

ಮದುವೆಯ ಮಾತೂ ಬಂತು. ಸೋದರಮಾವನ ಮಗಳು, ಹೇಳದೇ ಮಾಡಿಬಿಡೋಣ ಅಂತ. ಮುಚ್ಚಿಟ್ಟು ಮಾಡಬೇಡಿ ಅಂತಷ್ಟೇ ಹೇಳಿದೆ. ಮಂಜುಗೆ ಈಗ ಮದುವೆಯೇ ಬೇಕಿರಲಿಲ್ಲ. ಅವನನ್ನು ಯಾರೂ ಕೇಳಿರಲಿಲ್ಲ ಅಂತ ಬೇರೆ ಹೇಳಬೇಕಿಲ್ಲ.

ಕಳೆದ ತಿಂಗಳು ಅಪ್ಪ ಫೋನ್ ಮಾಡಿದ್ದರು. ಕ್ಯಾಲೆಂಡರಿನಲ್ಲಿ ಎರಡು ಬೊಟ್ಟು ಬಿದ್ದಿವೆ ಅಂದರು. ದನಿ ಗಾಬರಿಯಾಗಿತ್ತು. ಏನಾಯ್ತು ಅಂತ ಮಂಜುನನ್ನು ಕೇಳಿದಿರಾ ಅಂದೆ. ಕೇಳಿದ್ದರಂತೆ. ಒಂದು ರಾತ್ರಿ ಕರೆಂಟ್ ಹೋಗಿ ಸೊಳ್ಳೆ ಕಾಟ, ಮನೆಯವರು ಯಾರೂ ಮಲಗಿರಲಿಲ್ಲ. ಇನ್ನೊಂದು ರಾತ್ರಿಯದು ಅವನಿಗೂ ಗೊತ್ತಿಲ್ಲ, ನಿದ್ದೆ ಬರಲಿಲ್ಲ ಅಷ್ಟೇ ಅಂದನಂತೆ.

"ಹಂಗಾರ ಒಂದ ಅನ್ನೂಣೋ, ಎರಡ ಅನ್ನೂಣೋ ಮೇಡಂ?" ಅಂದರು.

ಒಂದೂವರೆ ಅನ್ನಿ ಅಂದೆ. ನಕ್ಕು ಫೋನ್ ಇಟ್ಟರು. ಮಂಜು ಪರೀಕ್ಷೆಯ ಫಾರ್ಮ್ ತುಂಬಿದ್ದಾನೆ.