ಅಕ್ಟೋಬರ್ ಮಳೆಯಲ್ಲಿ ಭಾಂಡುಪ್ ಖಾಡಿಗೆ ಹೋಗಬಹುದೇ? – ಪ್ರತಿಕ್ರಿಯೆ

ನಮಸ್ಕಾರ. ಮೋಡ, ತುಂತುರು ಇದ್ದರೂ ಭಾನುವಾರ ಹಕ್ಕಿ ನೋಡಲು ಮುಂಬಯಿಯ ಖಾಡಿ (ನೆಲದೊಳಗೆ ಚಾಚಿದ ಕಡಲ ತೋಳು) ಬದಿಯ ಭಾಂಡುಪ್ ಪಂಪಿಂಗ್ ಸ್ಟೇಷನ್ ಕಡೆ ಹೋಗಬಹುದೇ, ದುರ್ಬೀನು 8x42 ತರಲೇ 10x42 ತರಲೇ ಎಂದು ಕೇಳಿದ್ದೀರಿ. ಖಂಡಿತ ಹೋಗಿ, 8x42 (ಎಂಟು ಪಟ್ಟು ಹಿಗ್ಗಿಸುವ, ಮುಂದಿನ ಗಾಜು 42 ಮಿ.ಮೀ. ಇರುವ) ದುರ್ಬೀನು ತನ್ನಿ. ಅದರಿಂದ ಕಣ್ಣಿಗೆ ಬರುವ ಬೆಳಕಿನ ವ್ಯಾಸ 5.25 ಮಿ.ಮೀ., 10x42ರಲ್ಲಿ 4.2 ಮಾತ್ರ. ಮಂಕು ಬೆಳಕಿನಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಹವಾಮಾನಕ್ಕಿಂತ ಮೊದಲು ಭರತಿಯ ವೇಳಾಪಟ್ಟಿ ನೋಡಿ. ಇಳಿತದಲ್ಲಿ ಗೊರವಗಳು (ಕೆಸರಿನಲ್ಲಿ ಮೇಯುವ ನೀರಂಚಿನ ಹಕ್ಕಿಗಳು) ದೂರದ ಕೆಸರಿನಲ್ಲಿ ಬರೀ ಚುಕ್ಕೆಗಳು. ಭರತಿ ತುಂಬುವ ಎರಡು ಗಂಟೆ ಮೊದಲೇ ನಿಂತರೆ ನೀರೇ ಅವನ್ನು ದಡದತ್ತ ತಳ್ಳುತ್ತದೆ. ಮಳೆ ನಿಂತ ಮೊದಲ ಅರ್ಧ ಗಂಟೆ ಬಿಡಬೇಡಿ: ತಂತಿಗಳ ಮೇಲೆ ಕವಲುತೋಕೆಗಳು ರೆಕ್ಕೆ ಒಣಗಿಸುತ್ತಿರುತ್ತವೆ, ಹುಲ್ಲಿನ ಮೇಲೆ ಜೌಗು ಸೆಳೆವ ಎಂಬ ಬೇಟೆಹಕ್ಕಿ ಹಾರಾಟ ಶುರುಮಾಡುತ್ತದೆ. ರಾಜಹಂಸಗಳ (ಫ್ಲೆಮಿಂಗೊ) ದೊಡ್ಡ ಹಿಂಡನ್ನು ಮಾತ್ರ ಈಗಲೇ ನಿರೀಕ್ಷಿಸಬೇಡಿ.

ದುರ್ಬೀನನ್ನು ಎಸಿ ಕೋಣೆಯಿಂದ ನೇರ ಹೊರಗೆ ತಂದರೆ ಗಾಜಿಗೆ ಹಬೆ ಹಿಡಿಯುತ್ತದೆ, ಅರ್ಧ ಗಂಟೆ ಚೀಲದಲ್ಲೇ ಇರಲಿ. ಒರೆಸುವ ಮುನ್ನ ಧೂಳು ಊದಿ, ಇಲ್ಲದಿದ್ದರೆ ಗೀರು ಬೀಳುತ್ತದೆ. ಮನೆಗೆ ಬಂದಮೇಲೆ ಪೂರ್ತಿ ಒಣಗಿಸಿ ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿಡಿ. ಮುಂಬಯಿಯ ತೇವಕ್ಕೆ ಲೆನ್ಸಿಗೆ ಬೂಷ್ಟು ಬಲುಬೇಗ.

ಈ ತಿಂಗಳ ಗುಡುಗುಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ, ಹಾಗಾಗಿ ಬೆಳಗಿನ ಭರತಿಯನ್ನೇ ಆರಿಸಿ. ಗುಡುಗು ಕೇಳಿಸಿದ ಕೂಡಲೇ ಬಯಲು ಬಿಟ್ಟು ಕಾರಿಗೆ ಬನ್ನಿ, ಮರದಡಿ ನಿಲ್ಲಬೇಡಿ.