ಒಪ್ಪಂದಕ್ಕೆ ಸಹಿ ಬಿತ್ತು, ರೋಗಿಯ ಅಲೆದಾಟ ತಪ್ಪಲಿಲ್ಲ

ಪ್ರಶ್ನೆ: ನಮ್ಮದೊಂದು ಸಣ್ಣ ಟ್ರಸ್ಟ್ ಆಸ್ಪತ್ರೆ. ಕ್ಷಯ ರೋಗಿಗಳ ಚಿಕಿತ್ಸೆಗಾಗಿ ಕಳೆದ ವರ್ಷ ತಾಲ್ಲೂಕು ಆಸ್ಪತ್ರೆಯ ಜೊತೆ ಒಪ್ಪಂದ ಮಾಡಿಕೊಂಡೆವು. ಈಗ ನೋಡಿದರೆ ನಾವು ಕಳಿಸಿದವರಿಗೆ ಅಲ್ಲಿ ಎಲ್ಲ ಪರೀಕ್ಷೆಯೂ ಮತ್ತೆ ಮೊದಲಿನಿಂದ. ಆಮೇಲೆ ಅವರೇನಾದರೆಂದು ನಮಗೆ ಸುದ್ದಿಯೇ ಬರುವುದಿಲ್ಲ. ನಮ್ಮ ವೈದ್ಯರು ಕಳಿಸುವುದನ್ನೇ ಕಡಿಮೆ ಮಾಡಿದ್ದಾರೆ. ಎಲ್ಲಿ ತಪ್ಪಿದೆ, ಡಾಕ್ಟರೇ?
— ಟ್ರಸ್ಟ್ ಕಾರ್ಯದರ್ಶಿ, ಹಾಸನ ಜಿಲ್ಲೆ

ಉತ್ತರ: ಸುದ್ದಿ ಬರುವುದಿಲ್ಲ ಎಂದಿರಲ್ಲ, ತಪ್ಪಿರುವುದು ಅಲ್ಲಿಯೇ. ಕ್ಷಯ ವಿಭಾಗದಲ್ಲಿ ಕೆಲಸ ಮಾಡಿದಷ್ಟು ಕಾಲವೂ ನಾನು ಇದನ್ನೇ ಕಂಡೆ. ಖಾಸಗಿ ವೈದ್ಯರು ಸರ್ಕಾರಿ ಆಸ್ಪತ್ರೆಗೆ ಚೀಟಿ ಬರೆದು ಕಳಿಸುತ್ತಾರೆ, ಆ ಚೀಟಿಗೆ ಉತ್ತರ ಬರುವುದಿಲ್ಲ. ತಾವು ಹತ್ತು ವರ್ಷ ನೋಡಿಕೊಂಡ ಮನೆಯವರೊಬ್ಬರು ಬದುಕಿದರೋ, ಮಾತ್ರೆ ಬಿಟ್ಟರೋ ಗೊತ್ತಾಗದ ವೈದ್ಯರು ಮುಂದಿನವರನ್ನು ಯಾವ ಧೈರ್ಯದಿಂದ ಕಳಿಸಬೇಕು? ರೋಗಿ ಕೈತಪ್ಪಿದರೆ ಆದಾಯ ಹೋಗುತ್ತದೆಂಬ ಅಂಜಿಕೆಯೂ ಇರುತ್ತದೆ. ಅದನ್ನು ನಾನು ದೂರುವುದಿಲ್ಲ. ಅದಕ್ಕೊಂದು ದಾರಿ ಮಾಡಿಕೊಡದೆ ಸಹಕಾರ ಕೇಳುವುದು ಮಾತ್ರ ಸರಿಯಲ್ಲ.

ದಾರಿ ಇದೆ. ಹೈದರಾಬಾದಿನ ಮಹಾವೀರ್ ಆಸ್ಪತ್ರೆ, ನಿಮ್ಮ ಹಾಗೆಯೇ ಟ್ರಸ್ಟಿನದು, 1995ರಲ್ಲಿ ಸರ್ಕಾರದ ಕ್ಷಯ ಕಾರ್ಯಕ್ರಮದ ಜೊತೆ ಕೈಜೋಡಿಸಿತು. ಔಷಧ ಸರ್ಕಾರದ್ದು, ಓಡಾಟ ಮತ್ತು ನಿಗಾ ಆಸ್ಪತ್ರೆಯದು. ಸುತ್ತಮುತ್ತಲ ಚಿಕ್ಕ ನರ್ಸಿಂಗ್ ಹೋಮ್‌ಗಳಲ್ಲೇ ಮಾತ್ರೆ ಕೊಡುವ ಏರ್ಪಾಡಾಯಿತು. ರೋಗಿ ದೂರ ಹೋಗಬೇಕಾಗಲಿಲ್ಲ, ಕಳಿಸಿದ ವೈದ್ಯರಿಗೂ ರೋಗಿಯ ಸಂಪರ್ಕ ತಪ್ಪಲಿಲ್ಲ. ನಿಮ್ಮ ಒಪ್ಪಂದದಲ್ಲಿ ಈ ಅಂಶ ಇದೆಯೇ ನೋಡಿ. ಸರ್ಕಾರದ ಉಚಿತ ಮಾತ್ರೆಯನ್ನು ನಿಮ್ಮ ಆಸ್ಪತ್ರೆಯಲ್ಲೇ ಕೊಡಲು ಅವಕಾಶವಿದೆ. ಅದನ್ನು ಕೇಳಿ ಪಡೆಯಿರಿ.

ಕಾನೂನಿನಿಂದ ಇದು ಆಗುವ ಕೆಲಸವಲ್ಲ. ಕ್ಷಯ ರೋಗಿಯ ವಿವರವನ್ನು ಸರ್ಕಾರಕ್ಕೆ ತಿಳಿಸಲೇಬೇಕೆಂಬ ಆದೇಶ ಬಂದದ್ದು 2012ರಲ್ಲಿ. ತಿಳಿಸದಿದ್ದರೆ ಶಿಕ್ಷೆಯೆಂಬ ಎಚ್ಚರಿಕೆ 2018ರಲ್ಲಿ ಸೇರಿತು. ಭಯಕ್ಕೆ ನಿಕ್ಷಯ್ ಎಂಬ ಸರ್ಕಾರದ ಆನ್‌ಲೈನ್ ಕ್ಷಯ ದಾಖಲೆಯಲ್ಲಿ ಹೆಸರು ಸೇರುತ್ತದೆ, ಅಷ್ಟೇ. ಆರು ತಿಂಗಳು, ಮೊದಲೆರಡು ತಿಂಗಳು ನಾಲ್ಕು ಔಷಧ, ಮುಂದಿನ ನಾಲ್ಕು ತಿಂಗಳು ಮೂರು, ಇಷ್ಟನ್ನೂ ರೋಗಿ ನುಂಗಿ ಮುಗಿಸುವ ತನಕ ಬೆನ್ನು ಹತ್ತುವವರು ಯಾರು? ಎರಡು ತಿಂಗಳಿಗೆ ಕೆಮ್ಮು ನಿಂತು ಮೈಗೆ ಹಿತವಾದೊಡನೆ ಮಾತ್ರೆ ಬಿಟ್ಟುಬಿಡುವವರಿದ್ದಾರೆ. ಆ ಹೊತ್ತಿಗೆ ಒಂದು ಆಸ್ಪತ್ರೆ ಇನ್ನೊಂದಕ್ಕೆ ಫೋನ್ ಮಾಡದಿದ್ದರೆ ಮದ್ದಿಗೆ ಬಗ್ಗದ ಕ್ಷಯ ಮನೆಯೊಳಗೇ ಹುಟ್ಟುತ್ತದೆ. ಅದಕ್ಕೇ ನನಗೆ ಈ ವಿಷಯದಲ್ಲಿ ಇಷ್ಟು ಸಂಕಟ.

ಸಹಿ ಹಾಕಿದವರು ಯಾರೆಂಬುದನ್ನೂ ಯೋಚಿಸಿ. ನೀವು ಮತ್ತು ಅಲ್ಲಿನ ಅಧಿಕಾರಿ, ಅಲ್ಲವೇ? ಆ ಅಧಿಕಾರಿಗೆ ವರ್ಗವಾದರೆ ಒಪ್ಪಂದವೂ ಅವರ ಹಿಂದೆಯೇ ಹೋಗುತ್ತದೆ. ಕೆಲಸ ನಡೆಯುವುದು ನಿಮ್ಮ ಲ್ಯಾಬ್ ಟೆಕ್ನೀಷಿಯನ್ನು, ಅಲ್ಲಿನ ಎಸ್‌ಟಿಎಸ್ (ಕ್ಷಯ ಚಿಕಿತ್ಸೆಯ ಹಿರಿಯ ಮೇಲ್ವಿಚಾರಕ), ಹಳ್ಳಿಯ ಆಶಾ ಕಾರ್ಯಕರ್ತೆ ಇವರ ಕೈಯಲ್ಲಿ. ಇವರು ಒಬ್ಬರನ್ನೊಬ್ಬರು ಮುಖ ನೋಡಿ ಮಾತಾಡಿದ್ದಾರೆಯೇ? ಮೊದಲು ಅವರನ್ನು ಕೂರಿಸಿ, ಫೋನ್ ನಂಬರು ಕೊಟ್ಟು ತೆಗೆದುಕೊಳ್ಳಲಿ.

ಪರೀಕ್ಷೆಯ ವಿಷಯ ಬೇರೆ. ನಿಮ್ಮ ಎಕ್ಸ್‌ರೇ ಒಂದನ್ನೇ ನಂಬಿ ಅವರು ಔಷಧ ಶುರುಮಾಡಲಾರರು. ಸಿಬಿನ್ಯಾಟ್‌ನಂಥ ಕಫ ಪರೀಕ್ಷೆ ಮಾಡಿ ರಿಫಾಂಪಿಸಿನ್ ಔಷಧಕ್ಕೆ ರೋಗಾಣು ಬಗ್ಗುತ್ತದೆಯೇ ಎಂದು ನೋಡಬೇಕು, ಅದು ನ್ಯಾಯವೇ. ಅದಕ್ಕಾಗಿ ರೋಗಿಯನ್ನೇ ಬಸ್ಸು ಹತ್ತಿಸಬೇಕಿಲ್ಲ, ಕಫದ ಡಬ್ಬಿ ಹೋದರೆ ಸಾಕು. ಮಾದರಿಯನ್ನು ಯಾರು, ಯಾವ ದಿನ ಒಯ್ಯುತ್ತಾರೆ, ವರದಿ ಯಾರ ಫೋನಿಗೆ ಬರುತ್ತದೆ ಎಂದು ಬರೆದಿಟ್ಟುಕೊಳ್ಳಿ. ನೀವು ಮಾಡಿದ ರಕ್ತಪರೀಕ್ಷೆ, ಸಕ್ಕರೆ ಪರೀಕ್ಷೆಗಳನ್ನು ಅವರು ಮತ್ತೆ ಮಾಡದೆ ಒಪ್ಪಬೇಕೆಂದು ಈಗಲೇ ಮಾತಾಡಿ. ಕೂಲಿ ಬಿಟ್ಟು ಬಂದವರಿಗೆ ಮತ್ತೊಂದು ದಿನ ಸರತಿಯಲ್ಲಿ ನಿಲ್ಲುವುದೆಂದರೆ ಅಂದಿನ ಗಳಿಕೆ ಹೋದಂತೆ.

ಕಡೆಯದಾಗಿ, ನೀವು ಕಳಿಸಿದ ಎಲ್ಲರ ಹೆಸರನ್ನೂ ಒಂದು ಪುಸ್ತಕದಲ್ಲಿ ಬರೆದು, ಎಸ್‌ಟಿಎಸ್ ಜೊತೆ ಕೂತು ಪ್ರತಿ ಹೆಸರಿನ ಮುಂದೆ ಅವರು ಈಗ ಎಲ್ಲಿದ್ದಾರೆ, ಮಾತ್ರೆ ನಡೆಯುತ್ತಿದೆಯೇ ಎಂದು ತುಂಬಿಸಿ. ಬೆಂಗಳೂರಿಗೆ ದುಡಿಯಲು ಹೋದವರಿದ್ದರೆ ಅವರ ನಿಕ್ಷಯ್ ಐಡಿಯಿಂದಲೇ ಚಿಕಿತ್ಸೆಯನ್ನು ಅಲ್ಲಿಗೆ ವರ್ಗಾಯಿಸಬಹುದು. ಖಾಲಿ ಉಳಿದ ಹೆಸರುಗಳ ಮನೆಗೆ ಇದೇ ವಾರ ಯಾರನ್ನಾದರೂ ಕಳಿಸಿ.