ಕುಮಾರಪರ್ವತ ಹತ್ತಿದವರಿಗೆ ಫಿನ್ಸೆಯ ಹಿಮ

ಪ್ರಶ್ನೆ: ನನಗೆ ಐವತ್ತೆರಡು ವರ್ಷ. ಕೊಡಚಾದ್ರಿ, ಕುಮಾರಪರ್ವತ ಹತ್ತಿ ಇಳಿದಿದ್ದೇನೆ. ಓಸ್ಲೋದಲ್ಲಿರುವ ಮಗಳು ಈಸ್ಟರ್ ರಜೆಗೆ ಕರೆದಿದ್ದಾಳೆ. ನಾರ್ವೆಯ ಬೆಟ್ಟಸೀಮೆಯ ಫಿನ್ಸೆಯಿಂದ ಹೊರಡುವ ಸ್ಕೀ ಚಾರಣಕ್ಕೆ, ಮಾರ್ಗದರ್ಶಿ ಇರುವ ತಂಡದಲ್ಲಿ ಹೆಸರು ಬರೆಸುತ್ತಾಳಂತೆ. ನಾನು ಸ್ಕೀ ಮುಟ್ಟಿದವನೇ ಅಲ್ಲ, ಮೇಲಾಗಿ ಸಸ್ಯಾಹಾರಿ. ಒಪ್ಪಿಕೊಳ್ಳಲೇ?
— ಓದುಗರು, ಶಿವಮೊಗ್ಗ

ಉತ್ತರ: ಒಪ್ಪಿಕೊಳ್ಳಿ, ಆದರೆ ಮಗಳಿಗೊಂದು ಷರತ್ತು ಹಾಕಿ: ಚಾರಣಕ್ಕೆ ಹತ್ತು ದಿನ ಮೊದಲೇ ಓಸ್ಲೋ ತಲುಪುವಂತೆ ಟಿಕೆಟ್ ಮಾಡಿಸಬೇಕು. ಕುಮಾರಪರ್ವತ ಹತ್ತಿದ ಕಾಲುಗಳಿಗೆ ಕಸುವಿನ ಕೊರತೆಯಿಲ್ಲ. ಕಷ್ಟವಿರುವುದು ನಿಲ್ಲುವುದರಲ್ಲಿ, ಬಿದ್ದರೆ ಏಳುವುದರಲ್ಲಿ. ಬರ್ಗೆನ್‌ನಲ್ಲಿ ಸಂಸಾರ ಹೂಡಿದ ಮೇಲೆ ಸ್ಕೀ ಕಲಿತವಳು ನಾನು. ಅಂಗನವಾಡಿ ವಯಸ್ಸಿನ ಮಕ್ಕಳು ಪಕ್ಕದಲ್ಲೇ ಸರ್ರನೆ ಜಾರಿಹೋಗುವಾಗ ಹಿಮದಲ್ಲಿ ಕುಳಿತು ಕಾಲು ಬಿಡಿಸಿಕೊಳ್ಳುವ ಸುಖ ನನಗೆ ಚೆನ್ನಾಗಿ ಗೊತ್ತು.

ಚಾರಣಕ್ಕೆ ಬಳಸುವ ಸ್ಕೀಯಲ್ಲಿ ಬೂಟಿನ ಮುಂತುದಿ ಮಾತ್ರ ಸಿಕ್ಕಿಕೊಂಡಿರುತ್ತದೆ, ಹಿಮ್ಮಡಿ ಮೇಲೇಳುತ್ತದೆ. ಇಳಿಜಾರಿನಲ್ಲಿ ವೇಗ ತಗ್ಗಿಸಲು ಸ್ಕೀಗಳ ಮುಂತುದಿಗಳನ್ನು ಹತ್ತಿರ ತಂದು ಹಿಮ್ಮಡಿಗಳನ್ನು ಹೊರಕ್ಕೆ ಒತ್ತಬೇಕು. ಬಿದ್ದಾಗ ಗಾಬರಿಯಿಂದ ಕೋಲೂರಿ ಏಳಲು ಹೋಗಬೇಡಿ. ಮೊದಲು ಎರಡೂ ಸ್ಕೀಗಳನ್ನು ಮೈಯ ಕೆಳಬದಿಗೆ, ಇಳಿಜಾರಿಗೆ ಅಡ್ಡಲಾಗಿ ತಂದುಕೊಳ್ಳಿ. ಆಮೇಲೆ ಮಂಡಿಯೂರಿ ಏಳಿ. ಓಸ್ಲೋದಲ್ಲಿ ಒಂದನೇ ಮಾರ್ಗದ ಮೆಟ್ರೋ ಹತ್ತಿದರೆ ಕೊನೆಯ ನಿಲ್ದಾಣ ಫ್ರೊಗ್ನರ್‌ಸೆಟೆರೆನ್. ಜನ ಸ್ಕೀ ಹಿಡಿದುಕೊಂಡೇ ರೈಲು ಹತ್ತುತ್ತಾರೆ. ಹಿಮ ಉಳಿದಿದ್ದರೆ ಅಲ್ಲಿನ ಕಾಡಿನ ಜಾಡುಗಳಲ್ಲೇ ಇದನ್ನೆಲ್ಲ ರೂಢಿಸಿಕೊಳ್ಳಿ.

ಫಿನ್ಸೆ ಇರುವುದು 1,222 ಮೀಟರ್ ಎತ್ತರದಲ್ಲಿ. 1,712 ಮೀಟರಿನ ಕುಮಾರಪರ್ವತಕ್ಕಿಂತ ತಗ್ಗು ಎಂದು ಹಗುರವಾಗಿ ಎಣಿಸಬೇಡಿ. ಅಲ್ಲಿಗೆ ರೈಲು ಬಿಟ್ಟರೆ ಗತಿಯಿಲ್ಲ; ಗಾಳಿಗೆ ಅಡ್ಡ ನಿಲ್ಲಲು ಒಂದು ಮರವೂ ಇಲ್ಲ. ಗಾಳಿ ಎದ್ದರೆ ನೆಲ, ಆಕಾಶ ಎರಡೂ ಒಂದೇ ಬಿಳುಪಾಗಿ, ಮುಂದಿರುವುದು ಏರೋ ಇಳಿಜಾರೋ ತಿಳಿಯುವುದಿಲ್ಲ. ದಾರಿಯುದ್ದಕ್ಕೂ ಹಿಮದಲ್ಲಿ ನೆಟ್ಟ ಕೋಲುಗಳೇ ಆಗ ಆಸರೆ. ಮುಂದೆ 1911ರಲ್ಲಿ ದಕ್ಷಿಣ ಧ್ರುವ ಮುಟ್ಟಿದ ಅಮುಂಡ್ಸೆನ್ ಕೂಡ 1896ರಲ್ಲಿ ಅಣ್ಣನೊಂದಿಗೆ ಇದೇ ಹಾರ್ಡಂಗರ್‌ವಿಡ್ಡ ಪ್ರಸ್ಥಭೂಮಿಯಲ್ಲಿ ದಾರಿ ತಪ್ಪಿ, ಸಾವಿನ ದವಡೆಯಿಂದ ಪಾರಾಗಿದ್ದ.

ನಾರ್ವೆಯವರು ಬೆಟ್ಟಕ್ಕೆಂದೇ ಒಂಬತ್ತು ನಿಯಮ ಮಾಡಿಕೊಂಡಿದ್ದಾರೆ. ಎಂಟನೆಯದು: ಹೊತ್ತು ಮೀರುವ ಮೊದಲೇ ಹಿಂದಿರುಗಿ, ಅದರಲ್ಲಿ ನಾಚಿಕೆಯೇನಿಲ್ಲ. ಮಾರ್ಗದರ್ಶಿಗೆ ನೀವು ಹಣ ಕೊಡುವುದು ಮುಖ್ಯವಾಗಿ ಈ ತೀರ್ಮಾನಕ್ಕೆ. ಆತ ಸಾಕು ಎಂದ ಮೇಲೆ ‘ಇಷ್ಟು ದೂರ ಬಂದಿದ್ದೇವಲ್ಲ’ ಎಂದು ಹಟ ಹಿಡಿಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹಣ ಕಟ್ಟುವ ಮೊದಲು, ದಿನಕ್ಕೆಷ್ಟು ಕಿಲೋಮೀಟರ್, ಒಬ್ಬ ಮಾರ್ಗದರ್ಶಿಗೆ ಎಷ್ಟು ಜನ, ಹೊಸಬರನ್ನು ಸೇರಿಸಿಕೊಳ್ಳುತ್ತಾರೆಯೇ ಎಂಬುದನ್ನು ಮಗಳಿಂದ ಕೇಳಿಸಿ.

ಹತ್ತಿಯ ಬನಿಯನ್ ಮನೆಯಲ್ಲೇ ಬಿಡಿ. ಬೆವರಿಗೆ ಒದ್ದೆಯಾದರೆ ಬೇಗ ಒಣಗುವುದಿಲ್ಲ, ನಿಂತ ಕೂಡಲೇ ಚಳಿ ಹಿಡಿಸುತ್ತದೆ. ಒಳಗೆ ತೆಳು ಉಣ್ಣೆ, ಹೊರಗೆ ಗಾಳಿ ತಡೆಯುವ ಜಾಕೆಟ್ ಇರಲಿ.

ಊಟದ ಚಿಂತೆ ಬೇಡ. ಸಿಬ್ಬಂದಿ ಇರುವ ತಂಗುಮನೆಗಳಲ್ಲಿ ಮೊದಲೇ ತಿಳಿಸಿದರೆ ಸಸ್ಯಾಹಾರ ಸಿಗುತ್ತದೆ. ಬೆಳಗಿನ ತಿಂಡಿಯ ಮೇಜಿನಲ್ಲೇ ಮಧ್ಯಾಹ್ನಕ್ಕೂ ಬ್ರೆಡ್ ಕಟ್ಟಿಕೊಂಡು, ಫ್ಲಾಸ್ಕ್ ತುಂಬಿಸಿಕೊಂಡು ಹೊರಡುವುದು ವಾಡಿಕೆ. ಅಲ್ಲಿನ ಕಂದು ಚೀಸ್ ಬಣ್ಣದಲ್ಲಿ ಧಾರವಾಡ ಪೇಡೆಯ ಹಾಗೆ, ರುಚಿಯೂ ತುಸು ಸಿಹಿ. ಖಾರಕ್ಕೆ ಮಾತ್ರ ಅಲ್ಲಿ ಯಾರನ್ನೂ ನಂಬಬೇಡಿ, ಚಟ್ನಿಪುಡಿ ಒಯ್ಯಿರಿ.